ಊರ ವರ್ತಮಾನವೂ ಊರ ಮಕ್ಕಳೂ

2020ನೆಯ ಇಸವಿಯ ಸಪ್ಟೆಂಬರ್ 20ನೆಯ ತಾರೀಖಿನ ಬೆಳಗನ್ನು ಉಡುಪಿಯ ನಿವಾಸಿಗಳಲ್ಲಿ ಬಹುಮಂದಿ ಮರೆತಿರಲಾರರು. ರಾತ್ರಿಯಿಡೀ ಬಿಡದೆ ಸುರಿದ ಮಳೆಗೆ ಇಂದ್ರಾಣಿ ಹೊಳೆಯು ತುಂಬಿ, ದಡ ಮೀರಿ, ಕಲ್ಸಂಕ, ಬನ್ನಂಜೆ, ಮೂಡನಿಡಂಬೂರು ಮೊದಲಾದ ತಗ್ಗುಪ್ರದೇಶಗಳ ಮನೆಗಳೊಳಕ್ಕೆ ನುಗ್ಗಿತು. ಬೀದಿಗಳಲ್ಲಿ ದೋಣಿ ನಡೆಯಿತು. ಮರುದಿನದ ಪತ್ರಿಕೆಗಳಲ್ಲಿ ನೆರೆಯ ಚಿತ್ರಗಳೂ, ಅಧಿಕಾರಸ್ಥರ ಭೇಟಿಯ ವಿವರಗಳೂ, ಪರಿಹಾರದ ಆಶ್ವಾಸನೆಗಳೂ ಬಂದುವು. ಆದರೆ ಯಾವ ಮೋರಿಯಲ್ಲಿ ಕಸ ಕಟ್ಟಿಕೊಂಡು ನೀರು ಹಿಮ್ಮರಳಿತು, ಯಾವ ಮನೆಯ ಗೋಡೆಯಲ್ಲಿ ಅದು ಎಷ್ಟು ಅಡಿ ಏರಿತು, ಯಾರ ಬಾವಿಯ ನೀರು ಎಷ್ಟು ದಿವಸಗಳವರೆಗೆ ಕುಡಿಯಲು ಬಾರದಾಯಿತು ಎಂಬ ಲೆಕ್ಕವನ್ನು ಇಂದು ಹುಡುಕಹೊರಟವನಿಗೆ ಕೈಗೆ ಸಿಕ್ಕುವುದು ಅತ್ಯಲ್ಪ. ಈ ಲೆಕ್ಕವು ಯಾರಿಗೂ ತಿಳಿದಿರಲಿಲ್ಲವೇ? ತಿಳಿದಿತ್ತು. ಸಾಂಕ್ರಾಮಿಕ ರೋಗದ ದೆಸೆಯಿಂದ ಶಾಲೆಗಳು ಮುಚ್ಚಿದ್ದ ವರ್ಷವದು. ಎಂಟನೆಯ, ಒಂಬತ್ತನೆಯ ತರಗತಿಯ ಮಕ್ಕಳು ಮನೆಮನೆಯಲ್ಲಿಯೂ ಇದ್ದರು. ನೀರು ಹೊಸ್ತಿಲನ್ನು ದಾಟಿದುದನ್ನೂ, ಮೆಟ್ಟಲು ಮೆಟ್ಟಲಾಗಿ ಏರಿದುದನ್ನೂ, ಯಾವ ಹೊತ್ತಿಗೆ ಇಳಿಯಲಾರಂಭಿಸಿತೆಂಬುದನ್ನೂ ಅವರು ಕಣ್ಣಾರೆ ಕಂಡಿದ್ದರು. ಅವರನ್ನು ಯಾರೂ ಕೇಳಲಿಲ್ಲ. ಹೇಳಬೇಕೆಂದು ಅವರಿಗೂ ತೋರಲಿಲ್ಲ. ತೋರಿದ್ದರೂ ಹೇಗೆ ಹೇಳಬೇಕೆಂಬುದನ್ನು ಅವರಿಗೆ ಕಲಿಸಿದವರಿಲ್ಲ.

ಈ ಕೊರತೆಯ ವಿಷಯವಾಗಿಯೇ ಇಂದು ನಾವು ಎರಡು ಮಾತುಗಳನ್ನು ಹೇಳಬೇಕೆಂದಿರುವೆವು. ಹದಿಮೂರರಿಂದ ಹದಿನೆಂಟು ವರ್ಷ ವಯಸ್ಸಿನ ನಮ್ಮ ಬಾಲಕ ಬಾಲಿಕೆಯರಿಗೆ ಸುದ್ದಿಯನ್ನು ಸಂಗ್ರಹಿಸುವುದು, ಪರೀಕ್ಷಿಸುವುದು, ಬರೆಯುವುದು ಮತ್ತು ತಾವಾಗಿಯೇ ಪ್ರಕಟಿಸುವುದು, ಈ ನಾಲ್ಕನ್ನೂ ಕ್ರಮವಾಗಿ ಕಲಿಸತಕ್ಕದ್ದೆಂಬುದು ನಮ್ಮ ಅಭಿಮತ. ಪತ್ರಿಕಾ ಕಚೇರಿಗಳಿಗೆ ಬೇಕಾದ ಉಮೇದುವಾರರನ್ನು ತಯಾರಿಸುವುದಕ್ಕಾಗಿ ಇದನ್ನು ಹೇಳುತ್ತಿಲ್ಲ. ತನ್ನ ಊರಿನ ಸ್ಥಿತಿಯನ್ನು ಕಂಡು, ಕಂಡುದನ್ನು ಸಾಕ್ಷ್ಯಸಹಿತವಾಗಿ ನಾಲ್ವರ ಮುಂದಿಡಲಾರದ ಪ್ರಜೆಯು ಮತದಾನದ ಹಕ್ಕನ್ನು ಪಡೆದರೂ ಅರ್ಧ ಪ್ರಜೆಯೇ ಸರಿ. ಆ ಶಕ್ತಿಯು ಹದಿನೆಂಟನೆಯ ಹುಟ್ಟುಹಬ್ಬದ ದಿನ ಆಕಾಶದಿಂದ ಇಳಿಯುವುದಿಲ್ಲ.

ನಮ್ಮ ಸೀಮೆಗೆ ಈ ವಿಚಾರವು ಅನ್ಯವಾದುದಲ್ಲ. ಕನ್ನಡದ ಮೊದಲನೆಯ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವು 1843ನೆಯ ಇಸವಿ ಜುಲೈ 1ರಂದು ಹರ್ಮನ್ ಮೋಗ್ಲಿಂಗರ ಸಂಪಾದಕತ್ವದಲ್ಲಿ ಕಲ್ಲಚ್ಚಿನಲ್ಲಿ ಹೊರಟಿತಷ್ಟೆ. ಪಕ್ಷಕ್ಕೊಮ್ಮೆ ಬರುತ್ತಿದ್ದ ಆ ಪುಟ್ಟ ಪತ್ರಿಕೆಯು ಸರಕಾರದ ನಿರೂಪಗಳನ್ನೂ ಪರರಾಜ್ಯಗಳ ವರ್ತಮಾನಗಳನ್ನೂ ಕೊಡುವುದರ ಜತೆಗೆ ಊರ ವರ್ತಮಾನಕ್ಕೆಂದೇ ಒಂದು ಸ್ಥಾನವನ್ನು ಮೀಸಲಿಟ್ಟಿತ್ತು. ಜುಲೈ 1ನ್ನು ನಾವು ಇಂದಿಗೂ ಪತ್ರಿಕಾ ದಿನವೆಂದು ಆಚರಿಸಿ, ಹಾರ ತುರಾಯಿಗಳನ್ನು ಹಂಚಿಕೊಳ್ಳುತ್ತೇವೆ. ಊರ ವರ್ತಮಾನವು ಪತ್ರಿಕೆಯ ಅಡಿಗಲ್ಲೆಂಬುದನ್ನು ಮಾತ್ರ ಮರೆಯುತ್ತೇವೆ. ಮಣಿಪಾಲದಲ್ಲಿ 1970ರ ಜನವರಿ 1ರಂದು ‘ಉದಯವಾಣಿ’ಯು ಹುಟ್ಟಿತು. ಬನ್ನಂಜೆಯ ಹೆಸರನ್ನು ಹೊತ್ತ ರಾಮಾಚಾರ್ಯರೂ ಗೋವಿಂದಾಚಾರ್ಯರೂ ಅಲ್ಲಿ ದುಡಿದವರು. ಆ ಪತ್ರಿಕೆಯು ಒಂದು ಕಾಲದಲ್ಲಿ ಕುಗ್ರಾಮಗಳನ್ನು ಗುರುತಿಸಿ ತಿಳಿಸಿರೆಂದು ವಾಚಕರನ್ನೇ ಕೇಳಿ, ರಸ್ತೆಯೂ ದೀಪವೂ ಕಾಣದ ಹಳ್ಳಿಗಳ ಕಥೆಯನ್ನು ಪಟ್ಟಣದವರ ಮುಂದಿಟ್ಟುದನ್ನು ಹಿರಿಯ ವಾಚಕರು ಬಲ್ಲರು. ವಾಚಕನೂ ವರದಿಗಾರನಾಗಬಲ್ಲನೆಂಬ ತತ್ತ್ವವನ್ನು ಈ ಜಿಲ್ಲೆಯು ಅಂದೇ ಒಪ್ಪಿದೆ. ಆ ವಾಚಕನು ಹದಿನೈದು ವರ್ಷದವನಾಗಿದ್ದರೆ ಒಪ್ಪಲಾಗದೆಂಬುದಕ್ಕೆ ಕಾರಣವೇನು?

ಒಪ್ಪಬಹುದೆಂಬುದಕ್ಕೆ ಉದಾಹರಣೆಯು ದೂರದಲ್ಲಿಲ್ಲ. ದುಡಿಯುವ ಮಕ್ಕಳ ಹಿತಕ್ಕಾಗಿ ಕೆಲಸಮಾಡುತ್ತಿದ್ದ ಬೆಂಗಳೂರಿನ ಸಂಸ್ಥೆಯೊಂದರ ಬೆಂಬಲದಿಂದ 1990ರಲ್ಲಿ ‘ಭೀಮ ಸಂಘ’ವೆಂಬ ಮಕ್ಕಳದೇ ಸಂಘವು ಸ್ಥಾಪಿತವಾಯಿತು. ಹೋಟೆಲುಗಳಲ್ಲಿ ತಟ್ಟೆ ತೊಳೆಯುತ್ತಿದ್ದವರು, ಹೊಲಗದ್ದೆಗಳಲ್ಲಿ ಕೂಲಿಮಾಡುತ್ತಿದ್ದವರು, ಪರರ ಮನೆಗಳಲ್ಲಿ ಚಾಕರಿಗಿದ್ದವರು, ಇಂಥವರೇ ಅದರ ಸದಸ್ಯರು. ‘ಭೀಮ ಪತ್ರಿಕೆ’ಯೆಂಬ ಗೋಡೆಪತ್ರಿಕೆಯೂ ಆ ಮಕ್ಕಳ ನಡುವೆ ನಡೆಯಿತು. ಗೋಡೆಪತ್ರಿಕೆಯ ಗುಣವನ್ನು ನಮ್ಮ ವಾಚಕರು ಗಮನಿಸಬೇಕು: ಅದಕ್ಕೆ ಚಂದಾ ಹಣ ಬೇಡ, ಅಂಚೆ ಬೇಡ, ಓದಬಲ್ಲವನೊಬ್ಬನು ನಿಂತು ಗಟ್ಟಿಯಾಗಿ ಓದಿದರೆ ಓದಲಾರದ ಹತ್ತು ಮಂದಿಯ ಕಿವಿಗೆ ಸುದ್ದಿ ಬೀಳುವುದು. ತರುವಾಯ 1990ರ ದಶಕದಲ್ಲಿಯೇ ಕುಂದಾಪುರ ತಾಲೂಕಿನ ಹಳ್ಳಿಗಳಲ್ಲಿ ಮಕ್ಕಳ ಪಂಚಾಯತಿಗಳು ಏರ್ಪಟ್ಟುವು. ಮಕ್ಕಳು ತಮ್ಮ ಪ್ರತಿನಿಧಿಗಳನ್ನು ಚುನಾಯಿಸಿದರು. ಊರನ್ನು ಸುತ್ತಿ ನಕ್ಷೆಗಳನ್ನು ಬರೆದರು. ಶಾಲೆಗೆ ಹೋಗುವ ಹಾದಿ, ಕುಡಿಯುವ ನೀರು, ತೋಡುಗಳ ಮೇಲಿನ ಕಾಲುಸಂಕ, ಇವುಗಳ ಸ್ಥಿತಿಯನ್ನು ತಾವೇ ವಿಚಾರಿಸಿ ಹಿರಿಯರ ಪಂಚಾಯತಿಯ ಮುಂದಿಟ್ಟರು. ಇಂದು ಮಕ್ಕಳ ಗ್ರಾಮಸಭೆಗಳನ್ನು ನಡೆಸತಕ್ಕದ್ದೆಂದು ಕರ್ನಾಟಕ ಸರಕಾರವೇ ಪಂಚಾಯತಿಗಳಿಗೆ ಆಜ್ಞಾಪಿಸಿರುವುದು. ದುಡಿಮೆಯ ನಡುವೆ ಅಕ್ಷರ ಕಲಿತ ಮಕ್ಕಳು ಮಾಡಿದುದನ್ನು, ಮೂರು ಹೊತ್ತು ಉಂಡು ಶಾಲೆಗೆ ಹೋಗುವ ಮಕ್ಕಳು ಮಾಡಲಾರರೆಂದರೆ ನಂಬುವವರಾರು?

ಮಕ್ಕಳು ಹೇಳುವ ವರ್ತಮಾನದ ಬೆಲೆಯು ಎಷ್ಟೆಂಬುದನ್ನು ಒಂದು ದುಃಖದ ಪ್ರಸಂಗದಿಂದ ತಿಳಿಯಬಹುದು. 2022ರ ಆಗಸ್ಟ್ ತಿಂಗಳಲ್ಲಿ ಬೈಂದೂರು ತಾಲೂಕಿನ ಒಂದು ಹಳ್ಳಿಯಲ್ಲಿ, ಶಾಲೆಯಿಂದ ಮನೆಗೆ ಮರಳುತ್ತಿದ್ದ ಎರಡನೆಯ ತರಗತಿಯ ಬಾಲಿಕೆಯೊಬ್ಬಳು ಕಾಲುಸಂಕದಿಂದ ಜಾರಿ ತೋಡಿನ ಪ್ರವಾಹದಲ್ಲಿ ಕೊಚ್ಚಿಹೋಗಿ ಪ್ರಾಣ ಬಿಟ್ಟಳು. ಆಮೇಲೆ ಆ ಸಂಕವು ಸುದ್ದಿಯಾಯಿತು. ಆಮೇಲೆ ಅಧಿಕಾರಸ್ಥರು ಬಂದರು. ಆಮೇಲೆ ಜಿಲ್ಲೆಯ ಇತರ ಕಾಲುಸಂಕಗಳ ಮಾತು ಬಂತು. ‘ಆಮೇಲೆ’ ಎಂಬೀ ಪದವು ನಮ್ಮ ವೃತ್ತಿಗೆ ದೊಡ್ಡ ಕಳಂಕ. ಎರಡು ಅಡಕೆಮರಗಳನ್ನು ಹಾಸಿದ ಸಂಕವು ಮಳೆಗಾಲದಲ್ಲಿ ಹಾವಸೆ ಹಿಡಿದು ಜಾರುವುದೆಂಬುದು ಅದನ್ನು ದಿನಕ್ಕೆರಡಾವರ್ತಿ ದಾಟುವ ಪ್ರತಿ ಮಗುವಿಗೂ ಗೊತ್ತಿರುವ ಸಂಗತಿ. ಪತ್ರಿಕೆಗೆ ಗೊತ್ತಾಗುವುದು ಸಾವಿನ ತರುವಾಯ. ಸುದ್ದಿಯನ್ನು ಮೊದಲು ಬಲ್ಲವರು ಯಾರೋ ಅವರ ಕೈಯಲ್ಲಿ ಸುದ್ದಿಯನ್ನು ಹೇಳುವ ಸಾಧನವಿಲ್ಲದಿರುವುದೇ ಈ ಅನರ್ಥದ ಒಂದು ಮೂಲವೆಂದು ನಾವು ಹೇಳದೆ ಇರಲಾರೆವು.

ಸಾಧನವಿಲ್ಲವೆಂದೆವಲ್ಲ, ಆ ಮಾತನ್ನು ಸ್ವಲ್ಪ ತಿದ್ದಬೇಕಾಗಿದೆ. ಯಂತ್ರವಂತೂ ಇದೆ. ಹಿಂದೆ ಅಚ್ಚುಕೂಟದ ಯಜಮಾನನಿಗೆ ಮಾತ್ರವೇ ಇದ್ದ ಶಕ್ತಿಯು ಇಂದು ಮೊಬೈಲು ಹಿಡಿದ ಪ್ರತಿ ಹುಡುಗನಿಗೂ ಇದೆ. ಚಿತ್ರ ತೆಗೆಯಲು, ಧ್ವನಿ ಹಿಡಿಯಲು, ಅರೆನಿಮಿಷದಲ್ಲಿ ಸಾವಿರ ಮಂದಿಗೆ ಕಳುಹಲು ಆತನಿಗೆ ಯಾರ ಅಪ್ಪಣೆಯೂ ಬೇಕಿಲ್ಲ. ಇಲ್ಲದಿರುವುದು ಶಿಕ್ಷಣ. ಶಿಕ್ಷಣವಿಲ್ಲದ ಶಕ್ತಿಯು ಏನು ಮಾಡೀತೆಂಬುದನ್ನು 2018ನೆಯ ಇಸವಿಯು ನಮಗೆ ತೋರಿಸಿದೆ. ಆ ವರ್ಷದ ಜುಲೈ ತಿಂಗಳಲ್ಲಿ ಬೀದರ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕೊಲೇಟು ಕೊಟ್ಟ ಪ್ರವಾಸಿಗಳನ್ನು ಮಕ್ಕಳ ಕಳ್ಳರೆಂದು ಸಂದೇಶಗಳು ಹರಡಿ, ಉದ್ರಿಕ್ತರಾದ ಜನರು ಹೈದರಾಬಾದಿನ ಯುವಕನೊಬ್ಬನನ್ನು ಹೊಡೆದು ಕೊಂದರು. ಆ ಸಂದೇಶವನ್ನು ಮುಂದಕ್ಕೆ ಕಳುಹಿದವರಲ್ಲಿ ಯಾರೊಬ್ಬರಾದರೂ “ಇದನ್ನು ಕಂಡವರಾರು? ಎಂದು ಕಂಡರು? ಪೋಲೀಸರನ್ನು ಕೇಳಿದಿರಾ?” ಎಂಬ ಮೂರು ಪ್ರಶ್ನೆಗಳನ್ನು ಕೇಳಿದ್ದರೆ ಒಂದು ಜೀವವು ಉಳಿಯಬಹುದಾಗಿತ್ತು. ಈ ಮೂರು ಪ್ರಶ್ನೆಗಳೇ ವರದಿಗಾರನ ಪ್ರಥಮ ಪಾಠ. ಕಲಿಸಬೇಕೆ ಬೇಡವೆ ಎಂಬ ಚರ್ಚೆಗೆ ಇನ್ನು ಅವಕಾಶವೆಲ್ಲಿ? ಮಕ್ಕಳು ಪ್ರಕಾಶಕರಾಗಿ ಆಗಿಹೋಗಿರುವರು. ಇನ್ನು ಅವರನ್ನು ಸಂಪಾದಕರನ್ನಾಗಿ ಮಾಡುವುದೊಂದೇ ಉಳಿದಿದೆ.

ಇನ್ನೊಂದು ಮಾತನ್ನೂ ನಮ್ಮ ಪಟ್ಟಣದವರು ಯೋಚಿಸಬೇಕು. 2022ರ ಆರಂಭದಲ್ಲಿ ಉಡುಪಿಯ ಕಾಲೇಜಿನ ಬಾಗಿಲ ಮುಂದೆ ದೇಶದ ಕ್ಯಾಮರಾಗಳೆಲ್ಲವೂ ಬಂದು ನಿಂತಿದ್ದುವು. ಅಂದಿನ ವಿವಾದದಲ್ಲಿ ಯಾರ ಪಕ್ಷವು ನ್ಯಾಯವಾದುದೆಂಬುದನ್ನು ನಾವಿಲ್ಲಿ ಎತ್ತುತ್ತಿಲ್ಲ. ಪ್ರೌಢ ವರದಿಗಾರರು ಹದಿಹರೆಯದ ಹೆಣ್ಣುಮಕ್ಕಳ ಹಿಂದೆ ಓಡಿದುದನ್ನು ಜಗತ್ತು ನೋಡಿತು. ನಮ್ಮ ಮಕ್ಕಳು ಸುದ್ದಿಯ ಸರಕಾದರು. ತಮ್ಮ ತರಗತಿಯ, ತಮ್ಮ ಸ್ನೇಹದ, ತಮ್ಮ ಮನಸ್ಸಿನ ಸಂಗತಿಯನ್ನು ತಾವೇ ನಿಧಾನವಾಗಿ ಬರೆದು ಹೇಳುವ ಒಂದು ಪುಟವು ಯಾವ ಪಕ್ಷದ ಮಕ್ಕಳಿಗೂ ಇರಲಿಲ್ಲ. ಇದ್ದಿದ್ದರೆ ಕಲಹವು ನಿಲ್ಲುತ್ತಿತ್ತೆಂದು ಹೇಳುವಷ್ಟು ಮುಗ್ಧರು ನಾವಲ್ಲ. ಆದರೆ ಮಕ್ಕಳ ಪರವಾಗಿ ಬೇರೆ ಎಲ್ಲರೂ ಮಾತನಾಡಿ ಮಕ್ಕಳು ಮಾತ್ರ ಮೂಕರಾಗಿರುವ ಅವಸ್ಥೆಯಾದರೂ ತಪ್ಪುತ್ತಿತ್ತು.

ಹಾಗಾದರೆ ಕಲಿಸುವ ಬಗೆ ಹೇಗೆ? ನಮ್ಮ ಜಿಲ್ಲೆಗೆ ಈ ವಿದ್ಯೆಯೂ ಹೊಸತಲ್ಲ. ಉಡುಪಿಯಲ್ಲಿ ಯಕ್ಷಶಿಕ್ಷಣ ಟ್ರಸ್ಟಿನ ಆಶ್ರಯದಿಂದ ಗುರುಗಳು ಹೈಸ್ಕೂಲುಗಳಿಗೆ ಹೋಗಿ ತಿಂಗಳುಗಟ್ಟಲೆ ಹೆಜ್ಜೆ ತಾಳಗಳನ್ನು ಕಲಿಸಿ, ಕೊನೆಗೆ ‘ಕಿಶೋರ ಯಕ್ಷಗಾನ ಸಂಭ್ರಮ’ವೆಂಬ ಹೆಸರಿನಲ್ಲಿ ಆ ಮಕ್ಕಳಿಂದಲೇ ಪ್ರಸಂಗಗಳನ್ನು ಆಡಿಸುವುದನ್ನು ನಾವು ವರ್ಷವರ್ಷವೂ ನೋಡುತ್ತಿರುವೆವು. ಬನ್ನಂಜೆಯ ಸಂಜೀವ ಸುವರ್ಣರಂಥ ಗುರುಗಳು ಉಡುಪಿಯ ಯಕ್ಷಗಾನ ಕೇಂದ್ರದಲ್ಲಿ ದಶಕಗಳ ಕಾಲ ಶಿಷ್ಯರನ್ನು ತಿದ್ದಿದುದನ್ನೂ ಬಲ್ಲೆವು. ಮೇಳಕ್ಕೆ ಸೇರಿದ ಹುಡುಗನಿಗೆ ಮೊದಲ ದಿನವೇ ಕಿರೀಟವೇಷವನ್ನು ಯಾರೂ ಕೊಡುವುದಿಲ್ಲ. ಆತನು ಕೋಡಂಗಿಯಾಗಿ ಕುಣಿದು, ಬಾಲಗೋಪಾಲನಾಗಿ ನಿಂತು, ಚೌಕಿಯಲ್ಲಿ ಹಿರಿಯರ ಬಣ್ಣಗಾರಿಕೆಯನ್ನು ನೋಡಿ ನೋಡಿ ಮೇಲಕ್ಕೇರಬೇಕು. ತಾಳಮದ್ದಳೆಯಲ್ಲಿಯಾದರೋ, ಇದಿರಾಳಿಯ ಮಾತನ್ನು ಕಿವಿಗೊಟ್ಟು ಕೇಳದೆ ತನ್ನ ಅರ್ಥವನ್ನೇ ಒದರುವವನು ಪ್ರೇಕ್ಷಕರ ನಗೆಗೀಡಾಗುವನು. ವರದಿಗಾರಿಕೆಯ ಶಿಕ್ಷಣಕ್ಕೆ ಇವೆರಡಕ್ಕಿಂತ ಮೇಲಾದ ಮಾದರಿಗಳಿಲ್ಲ: ಚಿಕ್ಕದರಿಂದ ಮೊದಲಾಗುವುದು, ಎದುರಿನವನ ಮಾತನ್ನು ಕೇಳುವುದು.

ಚಿಕ್ಕದರಿಂದಲೇ ಮೊದಲಾಗಲಿ. ಈ ಸೀಮೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರು ಮಳೆ ಬೀಳುವುದು. ಶಾಲೆಯ ಅಂಗಳದಲ್ಲಿ ಒಂದು ಮಳೆಮಾಪಕವನ್ನಿಟ್ಟು ಪ್ರತಿದಿನವೂ ಬೆಳಗ್ಗೆ ಒಂದೇ ಹೊತ್ತಿಗೆ ಅಂಕಿಯನ್ನು ಬರೆದು ಗೋಡೆಯ ಮೇಲೆ ಅಂಟಿಸುವುದು ಮೊದಲನೆಯ ತಿಂಗಳಿನ ಕೆಲಸವಾಗಲಿ. ತಪ್ಪಿದ ದಿನವನ್ನು ತಪ್ಪಿತೆಂದೇ ಬರೆಯಬೇಕು, ಊಹಿಸಿ ತುಂಬಬಾರದು. ಈ ಒಂದು ನಿಯಮವನ್ನು ಮನಸ್ಸಿನಲ್ಲಿ ಊರಿಸಿಕೊಂಡ ಹುಡುಗಿಯು ಅರ್ಧ ವರದಿಗಾರಳಾದಳು. ಅನಂತರ ಮಾರುಕಟ್ಟೆಯಲ್ಲಿ ಮೀನಿನ ದರ, ಬಸ್ಸು ಬಂದ ಹೊತ್ತು, ಶಾಲೆಯ ನಳದಲ್ಲಿ ನೀರು ಬಾರದ ದಿವಸಗಳು. ಇವು ಕ್ಷುದ್ರವೆಂದು ತೋರಬಹುದು. ಆದರೆ ಅಂಕಿಯನ್ನು ಗೌರವಿಸಲು ಕಲಿಸುವ ಬಾಲಪಾಠಗಳು ಇವೇ.

ಆ ಮೇಲೆ ದೊಡ್ಡ ವಿಷಯಕ್ಕೆ ಕೈ ಹಾಕಬಹುದು. ಇಂದ್ರಾಣಿಯನ್ನೇ ತೆಗೆದುಕೊಳ್ಳೋಣ. ಊರ ಕೊಳಚೆಯು ಸೇರಿ ಆ ಹೊಳೆಯು ಕೆಟ್ಟಿರುವುದೂ, ದಡದ ಬಾವಿಗಳ ಮಾತು ಮತ್ತೆ ಮತ್ತೆ ಎದ್ದಿರುವುದೂ ಯಾರಿಗೂ ತಿಳಿಯದ ರಹಸ್ಯವಲ್ಲ. ಬನ್ನಂಜೆಯ ಇಬ್ಬರು ವಿದ್ಯಾರ್ಥಿಗಳು ನೋಟುಪುಸ್ತಕ ಹಿಡಿದು ದಡದ ಹತ್ತು ಮನೆಗಳಿಗೆ ಹೋಗಲಿ. ಬಾವಿಯ ನೀರನ್ನು ಕುಡಿಯುವಿರಾ, ಇಲ್ಲವಾದರೆ ಯಾವ ವರ್ಷದಿಂದ ಬಿಟ್ಟಿರಿ, ಈಗ ನೀರೆಲ್ಲಿಂದ, ಯಾರಿಗೆ ದೂರು ಕೊಟ್ಟಿರಿ, ಏನು ಉತ್ತರ ಬಂತು, ಈ ಐದೇ ಪ್ರಶ್ನೆಗಳನ್ನು ಹತ್ತು ಮನೆಗಳಲ್ಲಿಯೂ ಒಂದೇ ರೀತಿಯಾಗಿ ಕೇಳಲಿ. ಹತ್ತರಲ್ಲಿ ಮೂರು ಮನೆಯವರು ನೀರು ಚೆನ್ನಾಗಿದೆಯೆಂದರೆ ಅದನ್ನೂ ಬರೆಯಲಿ. ಬೇಡದ ಉತ್ತರವನ್ನು ಬಿಡುವವನು ವರದಿಗಾರನಲ್ಲ, ವಕೀಲನು. ಮೂಗಿಗೆ ವಾಸನೆ ಬಂದಿತೆಂದು ಬರೆಯಬಹುದು. ನೀರಿನಲ್ಲಿ ವಿಷವಿದೆಯೆಂದು ಬರೆಯಬಾರದು, ಪರೀಕ್ಷೆಯ ಕಾಗದವು ಕೈಯಲ್ಲಿಲ್ಲವಷ್ಟೆ. ಆ ಬಳಿಕ ನಗರಸಭೆಗೆ ಹೋಗಿ ಸಂಬಂಧಪಟ್ಟ ಇಂಜಿನಿಯರರನ್ನು ಕಂಡು ಅವರ ಉತ್ತರವನ್ನು ಅವರ ಮಾತಿನಲ್ಲಿಯೇ ಪಡೆಯಲಿ. ಚಿತ್ರ ತೆಗೆದರೆ ಎಲ್ಲಿ, ಎಂದು ತೆಗೆದುದೆಂದು ಬರೆದಿಡಲಿ. ಬಂದು ಇನ್ನೂರು ಮಾತುಗಳಲ್ಲಿ ಬರೆಯಲಿ, ಅಥವಾ ಎರಡು ನಿಮಿಷದ ಚಲಚ್ಚಿತ್ರವನ್ನು ಮಾಡಲಿ. ಶಿಕ್ಷಕನು ಕೆಂಪು ಶಾಯಿಯಿಂದ ವ್ಯಾಕರಣವನ್ನು ತಿದ್ದುವುದಕ್ಕೆ ಮುಂಚೆ “ಇದು ನಿನಗೆ ಹೇಗೆ ಗೊತ್ತು?” ಎಂಬ ಒಂದೇ ಪ್ರಶ್ನೆಯನ್ನು ಸಾಲು ಸಾಲಿಗೆ ಕೇಳಲಿ. ಉತ್ತರವಿಲ್ಲದ ಸಾಲು ಬೀಳಲಿ. ಇದಕ್ಕಿಂತ ಮಿಗಿಲಾದ ತರ್ಕಶಾಸ್ತ್ರದ ಪಾಠವನ್ನು ಯಾವ ತರಗತಿಯಲ್ಲಿ ಕಲಿಸುತ್ತಾರೆ?

ಭಾಷೆಯ ವಿಚಾರವಾಗಿಯೂ ಒಂದು ಸೂಚನೆ. ಬನ್ನಂಜೆಯ ಅಜ್ಜಿಯು ತುಳುವಿನಲ್ಲಿ ಹೇಳಿಯಾಳು. ಮಲ್ಪೆಯ ಬಂದರಿನಲ್ಲಿ ಉತ್ತರ ಕರ್ನಾಟಕದ ಕೂಲಿಕಾರನು ತನ್ನ ಕನ್ನಡದಲ್ಲಿ ಹೇಳಿಯಾನು. ಕುಂದಾಪುರದವನದು ಬೇರೊಂದು ಸೊಗಸು. ಕೊಂಕಣಿ, ಬ್ಯಾರಿಗಳೂ ಇವೆ. ಹೇಳಿದವರ ನುಡಿಯ ಕಸುವನ್ನು ಉಳಿಸಿ, ಎಲ್ಲರಿಗೂ ತಿಳಿಯುವ ಕನ್ನಡದಲ್ಲಿ ಬರೆಯುವುದನ್ನು ಕಲಿತವರು ಕನ್ನಡಕ್ಕೂ ಉಪಕಾರವನ್ನೇ ಮಾಡುವರು. ಇಂದು ಶಾಲೆಗಳಿಂದ ನಮ್ಮಂಥ ಪತ್ರಿಕೆಗಳಿಗೆ ಬರುವ ವರದಿಗಳನ್ನು ನೋಡಿದರೆ ಮನಸ್ಸು ಕುಗ್ಗುವುದು. ದೀಪ ಬೆಳಗಿಸಿದವರ ಹೆಸರು, ಅಧ್ಯಕ್ಷರ ಹೆಸರು, ವೇದಿಕೆಯ ಮೇಲಿದ್ದ ಗಣ್ಯರ ಹೆಸರು, ವಂದನಾರ್ಪಣೆ. ಮಕ್ಕಳ ದಿನಾಚರಣೆಯ ವರದಿಯಲ್ಲಿ ಮಕ್ಕಳೊಬ್ಬರ ಮಾತೂ ಇರದು. ಅದನ್ನು ಹಾಗೆಯೇ ಅಚ್ಚುಹಾಕುವ ನಾವೂ ಈ ದೋಷದಲ್ಲಿ ಪಾಲುಗಾರರೆಂಬುದನ್ನು ಒಪ್ಪಿಕೊಳ್ಳುತ್ತೇವೆ.

ಈ ಸೂಚನೆಗೆ ಆಕ್ಷೇಪಣೆಗಳು ಬಾರದಿರವು. ಮೊದಲನೆಯದು ಪರೀಕ್ಷೆಯದು. 2011ರ ಜನಗಣತಿಯ ಪ್ರಕಾರ ನೂರಕ್ಕೆ 86 ಮಂದಿ ಅಕ್ಷರಸ್ಥರಿರುವ ಜಿಲ್ಲೆ ನಮ್ಮದು, 2024ರ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ರಾಜ್ಯಕ್ಕೇ ಪ್ರಥಮವಾಗಿ ಬಂದುದೂ ನಮ್ಮದೇ. ಅಂಕಗಳು ಕುಂದುವುವೆಂದು ಪಾಲಕರು ಅಂಜುವುದು ಸಹಜ. ಕಿಶೋರ ಯಕ್ಷಗಾನವೂ ಇಲ್ಲಿಯೇ ನಡೆದಿದೆ, ಅಂಕಗಳೂ ಇಲ್ಲಿಯೇ ಬಂದಿವೆ ಎಂಬುದಷ್ಟೇ ನಮ್ಮ ಉತ್ತರ. ಪ್ರತ್ಯುತ, ಕಂಡುದನ್ನು ಅಚ್ಚುಕಟ್ಟಾಗಿ ಬರೆಯಬಲ್ಲ ವಿದ್ಯಾರ್ಥಿಯು ಪರೀಕ್ಷೆಯಲ್ಲಿ ಹಿಂದೆ ಬೀಳುವನೆಂಬುದು ವಿಚಿತ್ರವಾದ ತರ್ಕ.

ಎರಡನೆಯ ಆಕ್ಷೇಪಣೆಯು ಹೆಚ್ಚು ಗುರುತರವಾದುದು: ಮಕ್ಕಳು ಹಿರಿಯರ ಜಗಳಗಳಲ್ಲಿ ಆಯುಧಗಳಾಗುವರು, ಅವರ ಹೆಸರಿನಲ್ಲಿ ಬೇರೆ ಯಾರೋ ಬರೆಯುವರು ಎಂಬುದು. ಈ ಭಯವು ನಿರಾಧಾರವಲ್ಲ. ಇದಕ್ಕೆ ಮದ್ದು ಕ್ರಮಬದ್ಧವಾದ ಶಿಕ್ಷಣವೇ ಹೊರತು ಮೌನವಲ್ಲ. ಮೌನದಲ್ಲಿ ಬೆಳೆದ ಹುಡುಗನೇ ಪುಕಾರಿಗೆ ಸುಲಭವಾಗಿ ತುತ್ತಾಗುವನು. ಆದುದರಿಂದ ರಾಜಕೀಯ ಪಕ್ಷಗಳಿಗೂ, ಜಾತಿಮತಗಳ ಸಂಸ್ಥೆಗಳಿಗೂ, ವ್ಯಾಪಾರದ ಜಾಹೀರಾತಿಗೂ ಮಕ್ಕಳ ಪತ್ರಿಕೆಯಲ್ಲಿ ಸ್ಥಳವಿರಕೂಡದೆಂದು ಮೊದಲೇ ನಿಯಮ ಮಾಡತಕ್ಕದ್ದು.

ಮೂರನೆಯದು ಬಾಯಿಬಿಟ್ಟು ಹೇಳದ ಆಕ್ಷೇಪಣೆ; ಅದೇ ಎಲ್ಲಕ್ಕಿಂತ ಬಲವಾದುದು. ಮಕ್ಕಳು ಊರ ಮೋರಿಯನ್ನು ಬರೆದರೆ ಮುಖ್ಯೋಪಾಧ್ಯಾಯರು ಬೆನ್ನು ತಟ್ಟುವರು. ಶಾಲೆಯ ಶೌಚಾಲಯವನ್ನು ಬರೆದರೆ? ಈ ಪ್ರಶ್ನೆಯು ಅಮೆರಿಕದಲ್ಲಿ ಪರಮ ನ್ಯಾಯಾಲಯದವರೆಗೆ ಹೋಗಿದೆ. ಹೇಜಲ್‌ವುಡ್ ಎಂಬ ಶಾಲೆಯ ಮುಖ್ಯಸ್ಥನು ವಿದ್ಯಾರ್ಥಿಗಳ ಪತ್ರಿಕೆಯಿಂದ ಎರಡು ಪುಟಗಳನ್ನು ಕಿತ್ತುದು ಸರಿಯೆಂದು 1988ರಲ್ಲಿ ಆ ನ್ಯಾಯಾಲಯವು ತೀರ್ಪಿತ್ತಿತು. ಕ್ಯಾನ್ಸಸ್ ಸಂಸ್ಥಾನವು ಅದನ್ನು ಸಹಿಸದೆ 1992ರಲ್ಲಿ ವಿದ್ಯಾರ್ಥಿ ಪತ್ರಿಕೆಗಳ ರಕ್ಷಣೆಗೆ ತನ್ನದೇ ಕಾಯಿದೆಯನ್ನು ಮಾಡಿತು. ಫಲವೇನಾಯಿತು? 2017ರಲ್ಲಿ ಆ ಸಂಸ್ಥಾನದ ಪಿಟ್ಸ್‌ಬರ್ಗ್ ಎಂಬ ಸಣ್ಣ ಊರಿನ ಹೈಸ್ಕೂಲು ಮಕ್ಕಳು ತಮ್ಮ ಶಾಲೆಗೆ ಹೊಸತಾಗಿ ನೇಮಕವಾಗಿದ್ದ ಮುಖ್ಯಸ್ಥೆಯ ವಿದ್ಯಾರ್ಹತೆಗಳನ್ನು ಒಂದೊಂದಾಗಿ ವಿಚಾರಿಸಿ, ಪದವಿ ಕೊಟ್ಟಿತೆನ್ನಲಾದ ವಿಶ್ವವಿದ್ಯಾನಿಲಯವೇ ಸಂಶಯಾಸ್ಪದವೆಂದು ತಮ್ಮ ಪತ್ರಿಕೆಯಲ್ಲಿ ಪ್ರಕಟಿಸಿದರು. ನೇಮಕ ಮಾಡಿದ ಹಿರಿಯರ ಮಂಡಲಿಗೆ ಕಾಣದುದು ಮಕ್ಕಳಿಗೆ ಕಂಡಿತು. ಆಕೆಯು ಅಧಿಕಾರ ವಹಿಸುವ ಮೊದಲೇ ರಾಜೀನಾಮೆಯಿತ್ತಳು. ಶಾಲೆಯ ಮಾನ ಹೋಯಿತೆಂದು ಹೇಳುವಿರಾ, ಉಳಿಯಿತೆಂದು ಹೇಳುವಿರಾ? ಉಳಿಯಿತೆಂಬುದೇ ನಮ್ಮ ಅಭಿಪ್ರಾಯ.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ನೆರೆಯ ಕೇರಳವು 2018ರ ಜನವರಿಯಲ್ಲಿ ‘ಲಿಟ್ಲ್ ಕೈಟ್ಸ್’ ಎಂಬ ಯೋಜನೆಯನ್ನು ತನ್ನ ಹೈಸ್ಕೂಲುಗಳಲ್ಲಿ ಆರಂಭಿಸಿ, ಕಂಪ್ಯೂಟರು ಕ್ಯಾಮರಾಗಳ ಬಳಕೆಯನ್ನು ಮಕ್ಕಳಿಗೆ ಕಲಿಸಿ, ಶಾಲೆಯ ವಾರ್ತೆಗಳನ್ನು ಅವರಿಂದಲೇ ತಯಾರು ಮಾಡಿಸುತ್ತಿರುವುದು. ಗಡಿಯಾಚೆಯ ಕಾಸರಗೋಡಿನಲ್ಲಿ ಕನ್ನಡ ಮಾಧ್ಯಮದಲ್ಲಿ ಓದುವ ನಮ್ಮವರೇ ಆದ ಮಕ್ಕಳು ಆ ಕೇರಳದ ಶಾಲೆಗಳಲ್ಲಿಯೇ ಇರುವರು. ದೆಹಲಿಯ ಬೀದಿಯ ಮಕ್ಕಳು 2003ರಿಂದ ‘ಬಾಲಕ್‌ನಾಮಾ’ ಎಂಬ ತಮ್ಮದೇ ಪತ್ರಿಕೆಯನ್ನು ನಡೆಸಿರುವರು. ಬ್ರಿಟನ್ನಿನ ಬಿ.ಬಿ.ಸಿ. ಸಂಸ್ಥೆಯು 2007ರಿಂದ ಹಲವು ವರ್ಷ ಶಾಲಾಮಕ್ಕಳಿಂದ ವಾರ್ತೆಗಳನ್ನು ಸಿದ್ಧಪಡಿಸಿ ಪ್ರಸಾರ ಮಾಡಿತು. ಪತ್ರಿಕೋದ್ಯಮದ ತವರೆನಿಸಿಕೊಳ್ಳುವ ನಮ್ಮ ಜಿಲ್ಲೆಯು ಈ ಸಾಲಿನಲ್ಲಿ ಹಿಂದೆ ನಿಲ್ಲುವುದು ಒಪ್ಪುವ ಮಾತಲ್ಲ.

ಆದುದರಿಂದ ಕೆಲವು ಸೂಚನೆಗಳನ್ನು ಸಂಬಂಧಪಟ್ಟವರ ಮುಂದಿಡುವೆವು. ವಿದ್ಯಾ ಇಲಾಖೆಯವರು ಪ್ರತಿ ಹೈಸ್ಕೂಲಿನಲ್ಲಿಯೂ ವಾರಕ್ಕೊಂದು ಅವಧಿಯನ್ನು ಇದಕ್ಕಾಗಿ ಬಿಟ್ಟುಕೊಡಲಿ. ಆಸಕ್ತಿಯುಳ್ಳ ಒಬ್ಬ ಶಿಕ್ಷಕರಿಗೆ ಇದನ್ನು ಒಪ್ಪಿಸಿ, ಅವರ ಇತರ ಹೊರೆಯನ್ನು ಅಷ್ಟರಮಟ್ಟಿಗೆ ಇಳಿಸಲಿ. ಮಣಿಪಾಲದಲ್ಲಿ ಸಂವಹನವಿದ್ಯೆಯ ಕಾಲೇಜೂ, 90.4ರ ಸಮುದಾಯ ರೇಡಿಯೋ ಕೇಂದ್ರವೂ ಇರುವುವು. ಅಲ್ಲಿಯ ವಿದ್ಯಾರ್ಥಿಗಳು ತಿಂಗಳಿಗೊಮ್ಮೆ ಶಾಲೆಗಳಿಗೆ ಬಂದು ಕಲಿಸುವುದು ಅವರ ಶಿಕ್ಷಣಕ್ಕೂ ಪೂರಕವಾದುದು. ಪತ್ರಿಕೆಗಳವರು ಪಕ್ಷಕ್ಕೊಮ್ಮೆ ಕಾಲು ಪುಟವನ್ನಾದರೂ ಮಕ್ಕಳ ವರದಿಗಳಿಗೆ ಮೀಸಲಿಡಲಿ. ಕವಿತೆ ಚಿತ್ರಗಳ ಮಕ್ಕಳ ಪುಟವು ಈಗಾಗಲೇ ಇದೆ. ನಾವು ಹೇಳುವುದು ಸುದ್ದಿಯ ಪುಟದಲ್ಲಿಯೇ ಕೊಡುವ ಸ್ಥಳ. ಅದಕ್ಕೂ ಮೊದಲು, ಬಿಡಿಕಾಸಿನ ಖರ್ಚಿಲ್ಲದೆ, ಪ್ರತಿ ಶಾಲೆಯ ಗೋಡೆಯಲ್ಲಿ ಒಂದು ಹಲಗೆ ತೂಗಲಿ.

ಸಂಪಾದನೆಯ ಅಧಿಕಾರದ ವಿಷಯದಲ್ಲಿ ಒಂದೇ ಸೂತ್ರ ಸಾಕು. ಶಿಕ್ಷಕನು ಸುಳ್ಳನ್ನು ತಡೆಯಬಹುದು, ನಿಂದೆಯನ್ನು ತಡೆಯಬಹುದು. ಅಹಿತವಾದ ನಿಜವನ್ನು ತಡೆಯಕೂಡದು. ತಪ್ಪು ಅಚ್ಚಾದರೆ ಅದೇ ಗೋಡೆಯ ಅದೇ ಜಾಗದಲ್ಲಿ ಬರೆದವನ ಕೈಯಿಂದಲೇ ತಿದ್ದುಪಡಿ ಬರಲಿ. ತಪ್ಪೊಪ್ಪಿಕೊಳ್ಳುವುದನ್ನು ಹದಿನಾಲ್ಕರಲ್ಲಿ ಕಲಿಯದವನು ನಾಲ್ವತ್ತರಲ್ಲಿ ಕಲಿಯುವುದಿಲ್ಲವೆಂಬುದಕ್ಕೆ ನಮ್ಮ ವೃತ್ತಿಯಲ್ಲಿ ಸಾಕ್ಷಿಗಳಿಗೇನೂ ಕೊರತೆಯಿಲ್ಲ.

ಮಕ್ಕಳ ರಕ್ಷಣೆಯಲ್ಲಿ ಮಾತ್ರ ಎಳ್ಳಷ್ಟೂ ಸಡಿಲಿಕೆ ಕೂಡದು. ದೌರ್ಜನ್ಯಕ್ಕೊಳಗಾದ ಅಥವಾ ಕಾನೂನಿನ ತೊಡಕಿಗೆ ಸಿಕ್ಕಿದ ಮಗುವಿನ ಗುರುತನ್ನು ಪ್ರಕಟಿಸುವುದು 2012ರ ಪೋಕ್ಸೋ ಕಾಯಿದೆ ಮತ್ತು 2015ರ ಬಾಲನ್ಯಾಯ ಕಾಯಿದೆಗಳ ಪ್ರಕಾರ ಅಪರಾಧ. ಇದನ್ನು ಮೊದಲನೆಯ ಪಾಠದಲ್ಲಿಯೇ ಹೇಳಬೇಕು. ಮಕ್ಕಳು ಜತೆಯಿಲ್ಲದೆ ಒಬ್ಬೊಬ್ಬರೇ ಹೋಗಬಾರದು. ಪ್ರವಾಹದ, ಅಪಘಾತದ, ಗಲಭೆಯ ಸ್ಥಳಗಳು ಅವರ ಕಾರ್ಯಕ್ಷೇತ್ರವಲ್ಲ. ಅನುಮತಿಯಿಲ್ಲದೆ ಯಾರ ಮುಖವನ್ನೂ ತೆಗೆಯಬಾರದು. ಹಾಗೆಯೇ, ಈ ಶಿಕ್ಷಣವು ಪಟ್ಟಣದ ಸಿರಿವಂತ ಶಾಲೆಗಳ ಮತ್ತೊಂದು ಆಭರಣವಾಗಕೂಡದು. ಮಲ್ಪೆಯ ಮೀನುಗಾರರ, ಕಟ್ಟಡದ ಕೂಲಿಗಾಗಿ ವಲಸೆ ಬಂದವರ, ಕೊರಗರ ಮಕ್ಕಳು ಬರೆಯಬಲ್ಲ ವರ್ತಮಾನವನ್ನು ಬೇರೆ ಯಾರೂ ಬರೆಯಲಾರರು.

ಕೊನೆಯದಾಗಿ ಅಧಿಕಾರಸ್ಥರಲ್ಲಿ ನಮ್ಮ ವಿಜ್ಞಾಪನೆ. ಮಕ್ಕಳು ಕೇಳಿದ ಪ್ರಶ್ನೆಗೆ ಉತ್ತರ ಬಾರದಿದ್ದರೆ ಈ ಶಿಕ್ಷಣವೆಲ್ಲವೂ ನಿಷ್ಫಲವಾಗಿ, ಬರೆದರೂ ಏನೂ ಆಗದೆಂಬ ಘಾತಕವಾದ ಪಾಠವೊಂದನ್ನೇ ಅವರು ಕಲಿತಾರು. 2005ರ ಮಾಹಿತಿ ಹಕ್ಕಿನ ಕಾಯಿದೆಯು ಹಿರಿಯರಿಗೆ ಮೂವತ್ತು ದಿವಸಗಳೊಳಗೆ ಉತ್ತರ ಕೊಡಬೇಕೆನ್ನುತ್ತದೆ. ಶಾಲೆಯ ಮುದ್ರೆಯೊಡನೆ ಬಂದ ಮಕ್ಕಳ ಪ್ರಶ್ನೆಗೆ ಹದಿನೈದು ದಿವಸಗಳಲ್ಲಿ ಉತ್ತರಿಸುವೆವೆಂದು ಉಡುಪಿಯ ನಗರಸಭೆಯು ತಾನಾಗಿಯೇ ನಿರ್ಣಯ ಮಾಡಿದರೆ ರಾಜ್ಯದ ಇತರ ಪಟ್ಟಣಗಳಿಗೆ ಮೇಲ್ಪಂಕ್ತಿ ಹಾಕಿದಂತಾಗುವುದು. ಹಳ್ಳಿಯ ಮಕ್ಕಳಿಗೆ ಗ್ರಾಮಸಭೆಯಾದರೂ ಇದೆ. ಬನ್ನಂಜೆಯಂಥ ಪಟ್ಟಣದ ವಾರ್ಡಿನ ಮಕ್ಕಳಿಗೆ ಕೇಳಲು ಬಾಗಿಲೇ ಇಲ್ಲ.

ಮಳೆಗಾಲವು ವರ್ಷವರ್ಷವೂ ಬರುವುದು. ಇಂದ್ರಾಣಿಯು ಮತ್ತೆ ತುಂಬುವಳು. ಎಲ್ಲೋ ಒಂದು ಕಾಲುಸಂಕವು ಮತ್ತೆ ಹಾವಸೆಗಟ್ಟುವುದು. ಅದನ್ನು ಮೊದಲು ಕಾಣುವ ಕಣ್ಣುಗಳು ಎರಡು ಜಡೆ ಹಾಕಿಕೊಂಡು, ಚೀಲ ಹೊತ್ತು ಶಾಲೆಗೆ ನಡೆಯುವವರವು. ಅವರ ಕೈಗೆ ಒಂದು ನೋಟುಪುಸ್ತಕವನ್ನೂ, ಕೇಳಬೇಕಾದ ಪ್ರಶ್ನೆಗಳನ್ನೂ, ಬರೆದುದನ್ನು ಅಂಟಿಸಲು ಒಂದು ಗೋಡೆಯನ್ನೂ ಕೊಡುವುದು ನಮ್ಮ ಮಹಾಜನರಿಂದ ಆಗದ ಕಾರ್ಯವೇ? ಸಾವಿನ ತರುವಾಯ ಬರುವ ಸುದ್ದಿಯನ್ನು ನಾವು ಬೇಕಾದಷ್ಟು ಅಚ್ಚುಮಾಡಿದ್ದೇವೆ. ಸಾವಿಗೆ ಮುಂಚೆ ಬರುವ ಸುದ್ದಿಯನ್ನು ಅಚ್ಚುಮಾಡುವ ಭಾಗ್ಯವು ನಮ್ಮ ಮಕ್ಕಳ ಕೈಯಿಂದ ನಮಗೆ ಲಭಿಸಲಿ.